ದೇವಿಯ ಕಿರುಬೆರಳು

ವೀರಭದ್ರಾಚಾರಿ ಕಡೆದ ದೇವರು ಕಣ್ಣಲ್ಲೇ ಮಾತಾಡುತ್ತದೆ ಎಂದು ಸುತ್ತಲಿನ ಹಳ್ಳಿಯವರೆಲ್ಲ ಹೇಳುತ್ತಿದ್ದರು. ಆಚಾರಿಗೂ ಅದು ಗೊತ್ತಿತ್ತು, ಸ್ವಲ್ಪ ಹೆಚ್ಚೇ ಗೊತ್ತಿತ್ತು. ಮನುಷ್ಯನ ಒಳಗಿರುವುದೆಲ್ಲ ಕಣ್ಣಿಗೆ ಬಂದೇ ಬರುತ್ತದೆ, ಕಣ್ಣಿಗೆ ಬರಲಿಲ್ಲ ಅಂದರೆ ಒಳಗೆ ಏನೂ ಇಲ್ಲ ಎಂದು ನಂಬಿದ್ದವನು ಅವನು. ಅಂಥವನ ಒಬ್ಬನೇ ಮಗ ಮಾನಪ್ಪ ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ.

ಮಾತಾಡಿಸಿದರೆ ಮಾನಪ್ಪನ ನೋಟ ಎದುರಿನವರ ಕಿವಿಯ ಕಡೆ ಹೋಗುತ್ತಿತ್ತು. ಅಲ್ಲಿಂದ ಭುಜಕ್ಕೆ, ಭುಜದಿಂದ ಕೈಗೆ ಇಳಿದು ಅಲ್ಲೇ ನಿಲ್ಲುತ್ತಿತ್ತು. ಅಪ್ಪಿತಪ್ಪಿ ಕಣ್ಣಿಗೆ ಕಣ್ಣು ಕೂಡಿದರೆ ಬಿಸಿ ಪಾತ್ರೆ ಮುಟ್ಟಿದವನ ಹಾಗೆ ಸರಕ್ಕನೆ ಹಿಂದೆ ಸರಿಯುತ್ತಿದ್ದ. ಈಗಾದರೆ ಡಾಕ್ಟರುಗಳು ಆಟಿಸಂ ಎನ್ನುತ್ತಾರೆ, ಮನೆಯವರನ್ನು ಕೂರಿಸಿಕೊಂಡು ತಿಳಿಸಿ ಹೇಳುತ್ತಾರೆ. ಆ ಕಾಲದಲ್ಲಿ, ಆ ಊರಿನಲ್ಲಿ ಯಾರಿಗೆ ಗೊತ್ತು ಆ ಹೆಸರು? ದೊಡ್ಡವರು ಸೊಕ್ಕು ಎನ್ನುತ್ತಿದ್ದರು. ಉಳಿದವರು ಕಳ್ಳಬುದ್ಧಿ ಎನ್ನುತ್ತಿದ್ದರು.

ತಾಯಿ ಈರಮ್ಮ ಮಾತ್ರ ಏನೂ ಅನ್ನಲಿಲ್ಲ. ಅವಳು ಮಗನ ಪಕ್ಕದಲ್ಲಿ ಕೂತು, ಸೊಪ್ಪು ಬಿಡಿಸುತ್ತಲೋ ಅಕ್ಕಿ ಆರಿಸುತ್ತಲೋ ಮಾತಾಡುತ್ತಿದ್ದಳು. ಅವನು ಅವಳ ಕೈಕೆಲಸ ನೋಡುತ್ತ ಉತ್ತರ ಕೊಡುತ್ತಿದ್ದ. ತಾಯಿ ಮಗನ ನಡುವೆ ಮಾತಿಗೇನೂ ಬರವಿರಲಿಲ್ಲ.

ಆ ಈರಮ್ಮ ಜ್ವರ ಬಂದು ಮಲಗಿದಳು, ಏಳಲಿಲ್ಲ. ಕೊನೆಯ ಹೊತ್ತಿನಲ್ಲಿ ಮಗನನ್ನು ಕರೆದಳು. ಮಾನಪ್ಪ ಬಂದು ಪಕ್ಕದಲ್ಲಿ ಕೂತ, ತಾಯಿಯ ಕೈ ಹಿಡಿದುಕೊಂಡ, ತಲೆ ತಗ್ಗಿಸಿದವನು ಅವಳ ಉಸಿರು ನಿಲ್ಲುವವರೆಗೂ ತಲೆ ಎತ್ತಲಿಲ್ಲ. ಆಚಾರಿ ಮಂಚದ ಆ ಕಡೆ ನಿಂತು ಇದನ್ನು ನೋಡಿದ. ಹೆತ್ತವಳು ಹೋಗುತ್ತಿದ್ದಾಳೆ, ಒಂದೇ ಒಂದು ಸಲ ಮುಖ ನೋಡಲಿಲ್ಲವಲ್ಲ ಇವನು! ಆ ನೋವು ಅವನ ಎದೆಯಲ್ಲಿ ಕೂತುಬಿಟ್ಟಿತು. ಅಂದಿನಿಂದ ಮಗನ ಜೊತೆ ಅವನು ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡಿದ.

ಮುಂದೆ ಪಕ್ಕದ ಊರಿನವರು ದೇವಿಯ ಮೂರ್ತಿ ಬೇಕೆಂದು ಬಂದರು. ಆಚಾರಿ ಮುಖ ಕಡೆಯಲು ಕೂತ. ಕೈಕಾಲುಗಳನ್ನು ಮಗನಿಗೆ ಬಿಟ್ಟ. ಹರಸುವ ಬಲಗೈ ಮುಗಿದ ದಿನ ಆ ಊರಿನ ದೊಡ್ಡನಗೌಡರು ಕೆಲಸ ನೋಡಲು ಬಂದರು.

"ಏನಪ್ಪಾ, ಕೆಲಸ ಎಲ್ಲಿಗೆ ಬಂತು?" ಎಂದು ಮಾನಪ್ಪನನ್ನು ಕೇಳಿದರು.

"ಕೈ ಮುಗೀತು ಗೌಡ್ರೇ, ಪಾದ ಬಾಕಿ ಇದೆ" ಎಂದ ಮಾನಪ್ಪ, ಗೌಡರ ಉಂಗುರ ನೋಡುತ್ತ.

ಗೌಡರ ಮುಖ ಗಂಟಾಯಿತು. ಆಚಾರಿಯನ್ನು ಹೊರಗೆ ಕರೆದು, "ಆಚಾರ್ರೇ, ಇದು ಊರಿನ ದೇವಿ. ಮುಖ ಕೊಟ್ಟು ಮಾತಾಡದವನ ಮನಸ್ಸಲ್ಲಿ ಏನಿದೆಯೋ ಯಾರಿಗೆ ಗೊತ್ತು? ಅವನ ಕೈ ಇದಕ್ಕೆ ಬೇಡ" ಎಂದು ಹೇಳಿ ಹೊರಟುಹೋದರು.

ಆಚಾರಿಗೆ ತಲೆ ತಗ್ಗಿಸುವ ಹಾಗಾಯಿತು. ಒಳಗೆ ಬಂದವನೇ ಮಗನ ಗಲ್ಲ ಹಿಡಿದು ಎತ್ತಿದ. "ನೋಡು. ನನ್ನ ಕಣ್ಣು ನೋಡು. ಒಂದು ಸಲ ನೋಡು, ಸಾಕು."

ಮಾನಪ್ಪನ ಮುಖ ಬಿಳಿಚಿಕೊಂಡಿತು. ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. "ಆಗಲ್ಲ ಅಪ್ಪ."

"ಯಾಕೆ ಆಗಲ್ಲ?"

ಹುಟ್ಟಿದಾಗಿನಿಂದ ಹಾಗೇ ಇದ್ದದ್ದಕ್ಕೆ ಮಾನಪ್ಪ ಮಾತು ಎಲ್ಲಿಂದ ತಂದಾನು?

"ನಿಮ್ಮವ್ವ ಸಾಯುವಾಗಲೂ ನೋಡಲಿಲ್ಲ ನೀನು. ಕರುಳು ಅನ್ನೋದು ಇದ್ದಿದ್ರೆ ನೋಡ್ತಿದ್ದೆ" ಎಂದ ಆಚಾರಿ. "ಪ್ರತಿಷ್ಠೆ ಮುಗಿದ ಮೇಲೆ ನಿಮ್ಮ ಮಾವನ ಕ್ವಾರಿಗೆ ಹೋಗು. ಅಲ್ಲಿ ಕಲ್ಲು ಒಡೆದುಕೊಂಡಿರು. ದೇವರನ್ನ ಕಡೆಯೋ ಕೆಲಸ ನಿನ್ನದಲ್ಲ." ಹೀಗೆ ಹೇಳಿ ಮಗನ ಕೈಯಿಂದ ಉಳಿ ಸುತ್ತಿಗೆ ಕಿತ್ತುಕೊಂಡ.

ಆ ಸಿಟ್ಟಿನಲ್ಲೇ ಮೂರ್ತಿಯ ಕಡೆ ತಿರುಗಿದರೆ, ದೇವಿಯ ಬಲಗೈ ಕಿರುಬೆರಳು ತುಸು ಒಳಕ್ಕೆ ಬಾಗಿತ್ತು. ಅಳತೆ ತಪ್ಪಿದೆ. ಕಲ್ಲನ್ನಾದರೂ ನೆಟ್ಟಗೆ ನೋಡಬಾರದಿತ್ತೇ ಈ ಹುಡುಗ ಎಂದು ಆಚಾರಿ ಹಲ್ಲು ಕಚ್ಚಿದ. ತಿದ್ದಲು ಹೋದರೆ ಬೆರಳೇ ಮುರಿದೀತು. ಹೂವಿನ ಹಾರದಲ್ಲಿ ಮುಚ್ಚಿಹೋಗುತ್ತದೆ ಬಿಡು ಎಂದುಕೊಂಡು, ಪಾದಗಳನ್ನು ತಾನೇ ಮುಗಿಸಿದ.

ಪ್ರತಿಷ್ಠೆಯ ದಿನ ಬಂತು. ಮೂರ್ತಿಗೆ ಕಣ್ಣು ತೆರೆಯುವುದಕ್ಕೆ ಶಿಲ್ಪಿಗಳಲ್ಲಿ ಒಂದು ಕಟ್ಟಳೆ ಇದೆ. ಕಣ್ಣಿನ ಕೊನೆಯ ಗೆರೆಯನ್ನು ಗುಡಿಯಲ್ಲೇ ಎಳೆಯಬೇಕು. ಆಗ ಎದುರಿಗೆ ಮನುಷ್ಯರು ನಿಲ್ಲಬಾರದು. ಎದುರಿಗೆ ಕನ್ನಡಿ ಹಿಡಿದು ಒಬ್ಬರು ಅದರ ಹಿಂದೆ ಮರೆಯಾಗಿರುತ್ತಾರೆ. ದೇವರ ಮೊದಲ ನೋಟ ಕನ್ನಡಿಯ ಮೇಲೆ ಬೀಳುತ್ತದೆ. ಶಿಲ್ಪಿಯೂ ಪಕ್ಕಕ್ಕೆ ನಿಂತು, ಕನ್ನಡಿಯಲ್ಲಿ ನೋಡಿಕೊಂಡೇ ಉಳಿ ಇಡುತ್ತಾನೆ. ಆ ಕನ್ನಡಿ ಹಿಡಿಯುವ ಕೆಲಸ ಚಿಕ್ಕಂದಿನಿಂದ ಮಾನಪ್ಪನದು. ಬೇರೆ ಯಾರಿಗೂ ಅಭ್ಯಾಸವಿಲ್ಲದ್ದರಿಂದ ಆಚಾರಿ ಅವನನ್ನೇ ಕರೆತಂದಿದ್ದ. ಇದೊಂದು ಮುಗಿಸಿ ನಾಳೆ ಬಸ್ಸು ಹತ್ತಿಸುವುದು ಎಂದು ಲೆಕ್ಕ ಹಾಕಿದ್ದ.

ದೊಡ್ಡನಗೌಡರು ಮೂರ್ತಿಯ ನೇರ ಎದುರಿಗೆ ಬಂದು ನಿಂತರು.

"ಗೌಡ್ರೇ, ಸ್ವಲ್ಪ ಪಕ್ಕಕ್ಕೆ ಬನ್ನಿ" ಎಂದ ಆಚಾರಿ.

"ಯಾಕೆ ಆಚಾರ್ರೇ? ದೇವಿ ಕಣ್ಣು ಬಿಡುವಾಗ ನಾನು ಮುಖ ತಪ್ಪಿಸಿದ್ರೆ ಜನ ಏನಂದಾರು? ಗೌಡನಿಗೆ ಭಕ್ತಿ ಇಲ್ಲ ಅನ್ನಲ್ವಾ?"

"ಭಕ್ತಿಗೂ ಇದಕ್ಕೂ ಸಂಬಂಧ ಇಲ್ಲ ಗೌಡ್ರೇ. ಆ ನೋಟಕ್ಕೆ ಅಷ್ಟು ಬಲ ಇರುತ್ತೆ. ಎದುರಿಗೆ ನಿಂತವರಿಗೆ ತಡ್ಕೊಳ್ಳೋಕೆ ಆಗಲ್ಲ. ನನಗೇ ಆಗಲ್ಲ. ಪಾದ ನೋಡಿ, ಕೈ ನೋಡಿ, ಅದೂ ದರ್ಶನವೇ."

ಗೌಡರು ಪಕ್ಕಕ್ಕೆ ಸರಿದು ತಲೆ ತಗ್ಗಿಸಿದರು. ಆಚಾರಿ ಉಳಿ ಎತ್ತಿಕೊಂಡ. ಆಗ ಕನ್ನಡಿಯ ಹಿಂದಿನಿಂದ ಮೆಲ್ಲನೆ ಒಂದು ಮಾತು ಬಂತು.

"ಅಪ್ಪ, ನನಗೆ ಎಲ್ಲರ ಕಣ್ಣೂ ಹಾಗೇ."

ಆಚಾರಿಯ ಕೈ ನಿಂತಿತು. "ಏನಂದೆ?"

"ತಡ್ಕೊಳ್ಳೋಕೆ ಆಗಲ್ಲ. ಕಣ್ಣು ನೋಡಿದ್ರೆ ಅವರ ಮಾತು ಕೇಳಿಸಲ್ಲ ನನಗೆ. ಅದಕ್ಕೇ ಕೈ ನೋಡ್ತೀನಿ."

ಮಾನಪ್ಪ ಇದನ್ನು ಹೇಳಿದ್ದು ಅಪ್ಪನ ಕೈಯನ್ನು ನೋಡುತ್ತ. ಮುಹೂರ್ತ ಮೀರುತ್ತಿತ್ತು, ಪುರೋಹಿತರು ಅವಸರಿಸಿದರು. ಆಚಾರಿ ಕನ್ನಡಿಯಲ್ಲಿ ನೋಡಿಕೊಂಡು ಗೆರೆ ಎಳೆದ. ದೇವಿ ಕಣ್ಣು ಬಿಟ್ಟಳು. ಕಟ್ಟಳೆಯಂತೆ ಆಚಾರಿ ಅವಳ ಮುಖದಿಂದ ದೃಷ್ಟಿ ಕೆಳಗಿಳಿಸಿದ. ಇಳಿದ ದೃಷ್ಟಿ ಹರಸುವ ಬಲಗೈ ಮೇಲೆ ನಿಂತಿತು.

ಕಿರುಬೆರಳು ತುಸು ಒಳಕ್ಕೆ ಬಾಗಿತ್ತು.

ಅದು ಈರಮ್ಮನ ಬೆರಳು. ಮದುವೆಯಾಗಿ ಬಂದ ಹೊಸತರಲ್ಲಿ ಒರಳುಗುಂಡಿನ ಕೆಳಗೆ ಸಿಕ್ಕಿ ಮುರಿದು, ಸೊಟ್ಟಗೇ ಕೂಡಿಕೊಂಡ ಬೆರಳು. ಬೆರಳೊಂದೇ ಅಲ್ಲ, ಅಗಲವಾದ ಆ ಉಗುರು, ಅಂಗೈ ಬುಡದ ಆ ದಪ್ಪ, ಎಲ್ಲವೂ ಅವಳದೇ. ಆ ಕೈ ಬಡಿಸಿದ ಅನ್ನವನ್ನು ಇಷ್ಟು ವರ್ಷ ಉಂಡ ತನಗೆ ಅದು ಮರೆತೇಹೋಗಿತ್ತು. ಮಗನಿಗೆ ಒಂದು ಗೆರೆಯೂ ಮರೆತಿರಲಿಲ್ಲ. ನೋಡಲಿಲ್ಲ, ನೋಡಲಿಲ್ಲ ಎಂದು ದೂರಿದೆನಲ್ಲ, ಇವನು ನೋಡಿದಷ್ಟು ನಾನು ಯಾವತ್ತು ನೋಡಿದ್ದೆ?

ಆಚಾರಿ ಇದ್ದಲ್ಲೇ ಕುಸಿದು ಕೂತು ಅತ್ತುಬಿಟ್ಟ. ಆಚಾರ್ರಿಗೆ ದೇವಿಯ ದರ್ಶನ ಆಯಿತು ಎಂದು ಜನ ಕೈ ಮುಗಿದರು. ಪುರೋಹಿತರು ಹಾರ ತಂದು ಆ ಕೈಯ ಮೇಲೆ ಇಳಿಬಿಡಲು ಹೋದರು. ಆಚಾರಿ ತಟ್ಟನೆ ಎದ್ದು ತಡೆದ.

"ಆ ಕೈ ಮುಚ್ಚಬೇಡಿ ಸ್ವಾಮಿ. ಅದು ನನ್ನ ಮಗ ಕಡೆದದ್ದು. ಈ ಮೂರ್ತಿಯಲ್ಲಿ ಜೀವ ಇರೋದು ಅದರಲ್ಲೇ." ಗೌಡರಿಗೂ ಕೇಳಿಸುವ ಹಾಗೆ ಹೇಳಿದ. ಗೌಡರು ದೇವಿಯ ಕೈಯನ್ನೂ ಮಾನಪ್ಪನನ್ನೂ ನೋಡಿದರು.

ಮಾರನೆಯ ದಿನ ಆಚಾರಿ ಮಗನನ್ನು ಕ್ವಾರಿಗೆ ಕಳಿಸಲಿಲ್ಲ. ಕೆಲಸದ ಚಪ್ಪರದಲ್ಲಿ ಅವನ ಎದುರಿಗೆ ಕೂರದೆ ಈರಮ್ಮ ಕೂರುತ್ತಿದ್ದ ಹಾಗೆ ಪಕ್ಕದಲ್ಲಿ ಕೂತ. ಉಳಿ ಸುತ್ತಿಗೆಯನ್ನು ಅವನ ಕೈಗಿಟ್ಟ. ಇಬ್ಬರೂ ಮುಂದಿದ್ದ ಹೊಸ ಕಲ್ಲನ್ನೇ ನೋಡುತ್ತಿದ್ದರು.

"ತಪ್ಪಾಯ್ತು ಕಣೋ" ಎಂದ ಆಚಾರಿ. "ಅವ್ವನ ಕೈಯನ್ನ ಅಷ್ಟು ಚೆನ್ನಾಗಿ ಹೇಗೆ ನೆನಪಿಟ್ಟುಕೊಂಡೆ?"

ಮಾನಪ್ಪ ಉಳಿಯನ್ನು ತಿರುವಿ ತಿರುವಿ ನೋಡಿದ.

"ಹಿಡ್ಕೊಂಡಾಗ ಬಿಸಿ ಇತ್ತು ಅಪ್ಪ. ಆಮೇಲೆ ತಣ್ಣಗಾಯ್ತು. ಅಲ್ಲೀವರೆಗೂ ನೋಡಿದೆ."

ನೀತಿ: ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ ಎಂದ ಮಾತ್ರಕ್ಕೆ ಅವರಲ್ಲಿ ಪ್ರೀತಿ ಇಲ್ಲ, ಸತ್ಯ ಇಲ್ಲ ಎಂದು ತೀರ್ಪು ಕೊಡಬೇಡಿ. ಕೆಲವರಿಗೆ ಕಣ್ಣಿನ ನೋಟ ತಡೆಯಲಾಗದಷ್ಟು ದೊಡ್ಡದು. ಅಂಥವರ ಗಲ್ಲ ಹಿಡಿದು ಎತ್ತಬೇಡಿ. ಪಕ್ಕದಲ್ಲಿ ಕೂತು, ಅವರು ಎಲ್ಲಿ ನೋಡುತ್ತಿದ್ದಾರೋ ಅಲ್ಲಿ ನೀವೂ ನೋಡಿ.