ದೋಣಿಯಾಟದ ಕ್ಯಾಸೆಟ್

ಹಳೇ ಸಾಮಾನಿನ ಅಂಗಡಿಯೊಂದರ ಕಪಾಟಿನಲ್ಲಿ ಎರಡು ವಿಡಿಯೋ ಗೇಮ್ ಕ್ಯಾಸೆಟ್‌ಗಳು ಅಕ್ಕಪಕ್ಕ ಕೂತಿದ್ದವು. ದಪ್ಪನೆಯದರ ಮೈಮೇಲೆ ‘9999 ಆಟಗಳು’ ಎಂದು ಬರೆದಿತ್ತು. ಇದ್ದದ್ದು ಹತ್ತೇ ಆಟ, ಅವೇ ಹೆಸರು ಬದಲಿಸಿಕೊಂಡು ಬರುತ್ತಿದ್ದವು ಎನ್ನುವುದು ಬೇರೆ ಮಾತು. ಇನ್ನೊಂದರಲ್ಲಿ ಒಂದೇ ಒಂದು ದೋಣಿಯಾಟ. ಹೊಳೆ ದಾಟಿ ಆಚೆ ದಡ ಸೇರಲು ಅರ್ಧ ಗಂಟೆ, ಅಲ್ಲಿಗೆ ಮುಗಿಯಿತು. ಅಂಗಡಿಯ ಮೆಹಬೂಬ್ ಸಾಬರು ಎರಡಕ್ಕೂ ಇನ್ನೂರು ರೂಪಾಯಿಯ ಚೀಟಿ ಅಂಟಿಸಿದ್ದರು.

“ಅರ್ಧ ಗಂಟೆಯ ಆಟಕ್ಕೆ ನನ್ನಷ್ಟೇ ಬೆಲೆಯೇ? ನಾಚಿಕೆಯಾಗುವುದಿಲ್ಲವೇ ನಿನಗೆ?” ಎಂದಿತು ದಪ್ಪನೆಯದು.

“ಆಗುತ್ತದಣ್ಣ,” ಎಂದಿತು ದೋಣಿಯಾಟ. ಅದಕ್ಕೆ ನಿಜಕ್ಕೂ ನಾಚಿಕೆಯಾಗಿತ್ತು. “ಆದರೆ ಒಂದು ಬೇಸಿಗೆ ರಜೆಯಿಡೀ ಮಕ್ಕಳು ನನ್ನ ಬಾಯಿಗೆ ಉಫ್ ಎಂದು ಊದಿ, ಧೂಳು ಹಾರಿಸಿ, ಮತ್ತೆ ಮತ್ತೆ ಹಾಕುತ್ತಿದ್ದರು. ಆ ಉಸಿರಿನ ಬಿಸಿ ಇನ್ನೂ ನೆನಪಿದೆ.”

ಅಷ್ಟರಲ್ಲಿ ತಲೆ ನೆರೆಯತೊಡಗಿದ್ದ ಹೆಂಗಸೊಬ್ಬಳು ಬಂದು ದಪ್ಪನೆಯದನ್ನು ಕೈಗೆತ್ತಿಕೊಂಡಳು. ದೋಣಿಯಾಟ ಆಸೆ ಬಿಟ್ಟಿತು.

“ಅದನ್ನೇ ತಗೊಳ್ಳಿ ತಾಯಿ, ಜನ್ಮಪೂರ್ತಿ ಆಡಿದರೂ ಮುಗಿಯೋದಿಲ್ಲ,” ಎಂದರು ಸಾಬರು.

“ಇದೂ ನಮ್ಮನೇಲಿ ಇತ್ತು ಸಾಬರೇ. ಒಂದು ಆಟವೂ ನೆನಪಿಲ್ಲ ನೋಡಿ,” ಎಂದು ಆಕೆ ಅದನ್ನು ಕೆಳಗಿಟ್ಟಳು. ದೋಣಿಯಾಟವನ್ನು ಎತ್ತಿಕೊಂಡು, ಹಳೇ ಅಭ್ಯಾಸದಂತೆ ಅದರ ಬಾಯಿಗೆ ಉಫ್ ಎಂದು ಊದಿದಳು. ಎಷ್ಟೋ ವರ್ಷದ ಧೂಳು ಹಾರಿತು.

“ಅದು ಅರ್ಧ ಗಂಟೆಗೇ ಮುಗಿದುಹೋಗುತ್ತೆ ತಾಯಿ,” ಸಾಬರು ಎಚ್ಚರಿಸಿದರು.

“ಗೊತ್ತು,” ಎಂದಳು ಆಕೆ. “ಚಿಕ್ಕವಳಿದ್ದಾಗ ಮೊದಲ ಸಲ ದಡ ಮುಟ್ಟಿದ ದಿನ, ಮುಗಿದೇ ಹೋಯ್ತಲ್ಲಾ ಅಂತ ಅತ್ತಿದ್ದೆ.”