ಕೇರದ ಕಟ್ಟೆ

ತೊರವಾಳದ ಸಂತೆಬಯಲು ದಾಟಿ ಹಳೆಯ ಬಾವಿಯ ಕಡೆ ಹೊರಳಿದರೆ ಬೇವಿನ ಮರದಡಿ ಮೊಣಕಾಲೆತ್ತರದ ಕಲ್ಲುಕಟ್ಟೆಯೊಂದು ಸಿಗುತ್ತದೆ. ಮೇಲೆ ಮೂಗು ಸವೆದ ಬಸವಣ್ಣ, ಅವನ ಮುಂದೆ ಯಾವಾಗಲೂ ಜೋಳದ ಗುಪ್ಪೆ. ಅಂಗಡಿಯಲ್ಲಿಡುವಂಥ ಜೋಳವಲ್ಲ, ಹೊಟ್ಟು, ಹರಳು, ನುಸಿ, ಇಲಿಹಿಕ್ಕೆ ಎಲ್ಲ ಕೂಡಿದ್ದು. ದೇವರ ಮುಂದೆ ಇಂಥ ಹೊಲಸೇ ಎಂದು ಪರಸ್ಥಳದವರು ಮೂಗು ಮುರಿಯುತ್ತಾರೆ. ಮುರಿಯಲಿ. ಮೊರಕ್ಕೆ ಹಾಕಿದ ಕಾಳು ಇಲ್ಲಿ ಸಲ್ಲದು.

ಹಿಂದೆ ಒಮ್ಮೆ ಈ ಊರಿನಲ್ಲಿ ಅಡಿವೆಪ್ಪ ಶೆಟ್ಟಿ ಎಂಬ ಕಾಳಿನ ವ್ಯಾಪಾರಿ ಇದ್ದನಂತೆ. ಕೇರದ ಕಾಳನ್ನು ಮಾರಿದವನಲ್ಲ. ಜೋಳಕ್ಕೆ ನೀರು ಚಿಮುಕಿಸಿ ತೂಕ ಏರಿಸುವ, ಕಂಡವರ ಗೋಡೆಗೆ ಉಗುಳುವ ಈ ಊರನ್ನು ಕಂಡರೆ ಅವನಿಗೆ ವಾಕರಿಕೆ. ಆ ಬೇಸಿಗೆ, ಊರಿಗಿದ್ದ ಒಂದೇ ಬಾವಿಯಲ್ಲಿ ನಾಯಿ ಬಿದ್ದು ಸತ್ತಿತು. ಉಬ್ಬಿ, ಕೂದಲು ಕಳಚಿ, ಇಳಿಬಿಟ್ಟ ಕೊಡಗಳಿಗೆ ತಗಲತೊಡಗಿತು. "ನಾಯಿ ಕೆಳಗಿನ ಓಣೀದು, ಅವರೇ ತೆಗೀಲಿ" ಎಂದು ಮೇಲಿನ ಓಣಿಯ ಸಿದ್ರಾಮಗೌಡ ಎಲೆಯಡಿಕೆ ಉಗುಳಿದ. "ಬಾವಿ ಗೌಡಂದು, ಅವನೇ ಇಳೀಲಿ" ಎಂದರು ಕೆಳಗಿನವರು. ಎಲ್ಲರೂ ನಾಯಿಯನ್ನು ಕೊಡದಿಂದ ಅತ್ತ ನೂಕಿ, ಇತ್ತಲಿಂದ ಸೇದಿ, ಸೆರಗಿನಲ್ಲಿ ಸೋಸಿ ಕುಡಿದರು. ಶೆಟ್ಟಿ ಮಾತ್ರ ದೂರದ ಒರತೆಯಿಂದ ಎತ್ತಿನ ಮೇಲೆ ನೀರು ತರಿಸಿಕೊಂಡ. ವಾಂತಿಭೇದಿ ಹಬ್ಬಿತು.

ಶೆಟ್ಟಿಯ ಒಬ್ಬಳೇ ಮಗಳು ಗಿರಿಜವ್ವನನ್ನು ಕೊಟ್ಟದ್ದು ಕೆಳಗಿನ ಓಣಿಗೆ. ಕರೆದೊಯ್ಯಲು ಗಾಡಿ ಕಟ್ಟಿಕೊಂಡು ಹೋದರೆ ಅವಳು ಹೊಸ್ತಿಲು ದಾಟಲಿಲ್ಲ. "ಅತ್ತಿ ಮಲಗ್ಯಾಳ, ಹೆಂಗ ಬಿಟ್ಟು ಬರಲಿ? ಊರಿಗಂತ ದಿನಾ ಕೈಮುಗಿ ಅಪ್ಪಾ, ಅದರಾಗ ನಾನೂ ಬಂದೆ."

ಮರುದಿನದಿಂದ ಶೆಟ್ಟಿ ಕಟ್ಟೆಗೆ ಬರತೊಡಗಿದ. ಊರಿನ ಒಂದೊಂದು ಮನೆಯ ಹೆಸರು ಹೇಳಿ, ಮನೆಗೊಂದು ಹಿಡಿಯಂತೆ ಜೋಳವಿಟ್ಟು ಒಳ್ಳೆಯದು ಕೇಳಬೇಕು ಎಂಬುದು ಕಟ್ಟೆಯ ರೂಢಿ. ಆದರೆ ಹುಟ್ಟುಗುಣ ಎಲ್ಲಿ ಹೋದೀತು? ದೇವರಿಗೆ ಒಪ್ಪಿಸುವ ಮಾಲು ಚೊಕ್ಕಟವಾಗಿರಬೇಕೆಂದು ಮೊರ ಹಿಡಿದು ಕುಳಿತ. ಕಾಳಿನ ಜೊತೆ ಊರನ್ನೂ ಕೇರಿದ. ಮಗಳ ಮನೆ ಕಾಳು. ಗೌಡನ ಮನೆ ಹೊಟ್ಟು, ಆಚೆ. ನೀರು ಚಿಮುಕಿಸುವವರು ಹೊಟ್ಟು, ಆಚೆ. ಕಡೆಗೆ ಬಸವಣ್ಣನ ಮುಂದೆ ಉಳಿದದ್ದು ಬೊಗಸೆಯೂ ತುಂಬದಷ್ಟು.

ಕಟ್ಟೆ ಗುಡಿಸುವ ಮುದುಕಿ ಹುಲಿಗೆವ್ವ ಇದನ್ನೆಲ್ಲ ನೋಡುತ್ತಿದ್ದಳು. ಒಂದು ಮುಂಜಾನೆ ಅವಳೇ ಸುದ್ದಿ ತಂದಳು: "ಶೆಟ್ರ, ನಿಮ್ಮ ಗಿರಿಜವ್ವನೂ ಮಲಗಿದ್ಲು." ಮೊರ ಶೆಟ್ಟಿಯ ಕೈಯಲ್ಲೇ ನಿಂತಿತು. ಮುದುಕಿ ಬಿಡಲಿಲ್ಲ: "ಕೇರ್ರಿ, ಕೇರ್ರಿ. ಕಾಳು ಕುಡಿಯೂ ನೀರು ಬ್ಯಾರೆ, ಹೊಟ್ಟು ಕುಡಿಯೂ ನೀರು ಬ್ಯಾರೆ ಐತೇನು ಈ ಊರಾಗ?"

ಶೆಟ್ಟಿ ಮೊರ ಎಸೆದ. ಗೋದಾಮಿನ ಮೂಲೆಯ ಚೀಲವನ್ನು ಹೊಟ್ಟು ಹಿಕ್ಕೆ ಸಮೇತ ತಂದು ಸುರಿದ. ಮೊದಲು ಗೌಡನ ಹೆಸರನ್ನೇ ಹೇಳಿದ; ಹೇಳುವಾಗ ಬೇವಿನ ಬುಡಕ್ಕೆ ಕಾರಿಕೊಂಡನಂತೆ. ಬಾಯಿ ಒರೆಸಿಕೊಂಡು ಮತ್ತೆ ಹೇಳಿದ. ಊರಿಗೆ ಒಳ್ಳೆಯದು ಬೇಕೆಂದು ಬಾಯಿಬಿಟ್ಟು ಕೇಳಿಯಾದ ಮೇಲೆ, ನಾಯಿಯನ್ನು ಬಾವಿಯಲ್ಲೇ ಬಿಟ್ಟು ಮನೆಗೆ ಹೋಗುವುದು ಯಾವ ವ್ಯಾಪಾರ? ಮೂಗಿಗೆ ವಸ್ತ್ರ ಬಿಗಿದು ಬಾವಿಗಿಳಿದ. ನೋಡಲು ನೆರೆದವರಲ್ಲಿ ಗೌಡನೂ ಇದ್ದ.

"ಹುಷಾರು ಶೆಟ್ರ, ಧೋತರ ಹೊಲಸಾದೀತು!"

"ಹಗ್ಗ ಹಿಡಿ ಗೌಡಾ, ಬಾಯಿ ಆಮ್ಯಾಲ ಬಿಡು."

ಗೌಡ ಹಿಡಿದ. ಬುಟ್ಟಿಯಲ್ಲಿ ನಾಯಿ ತುಂಡುತುಂಡಾಗಿ ಮೇಲೆ ಬಂತು. ಎರಡೂ ಓಣಿಯವರು ಸೇರಿ ಬಾವಿ ಬತ್ತಿಸಿ ಸುಣ್ಣ ಹಾಕಿದರು. ಅತ್ತೆ ತೀರಿಕೊಂಡಳು, ಗಿರಿಜವ್ವ ಉಳಿದಳು. ಶೆಟ್ಟಿಗೆ ಊರಿನ ಮೇಲೆ ಪ್ರೀತಿ ಉಕ್ಕಿತೆಂದು ಯಾರೂ ಹೇಳುವುದಿಲ್ಲ. ಸಾಯುವವರೆಗೂ ಗೌಡನನ್ನು ಕಂಡರೆ ಅವನಿಗೆ ಹೇಸಿಗೆಯೇ. ಆದರೂ ಒಂದು ದಿನವೂ ಆ ಹೆಸರು ಬಿಡಲಿಲ್ಲ ಎನ್ನುತ್ತಾರೆ.

ಈಗ ಬಾವಿಗೆ ಕಬ್ಬಿಣದ ಜಾಲರಿ ಬಿದ್ದಿದೆ. ಕಟ್ಟೆಯ ಜೋಳವನ್ನು ಗುಬ್ಬಿಗಳು ಹೆಕ್ಕಿ ಹೊಟ್ಟು ಉಳಿಸುತ್ತವೆ. ಊರವರು ಇಂದಿಗೂ ಮುಂಜಾನೆ ಕೇರದ ಒಂದು ಹಿಡಿ ತಂದಿಟ್ಟು, ಯಾರನ್ನು ಕಂಡರಾಗದೋ ಅವರ ಹೆಸರನ್ನು ಮೊದಲು ಹೇಳಿ, ಆಮೇಲೆ ತಮ್ಮ ಮನೆಯವರದ್ದು ಹೇಳುತ್ತಾರೆ. ನಿಂತು ನೋಡಿದರೆ, ಆ ಮೊದಲ ಹೆಸರಿಗೆ ಅವರ ಮುಖ ಕಿವುಚುವುದು ಕಾಣುತ್ತದೆ. ಕಿವುಚದಿದ್ದರೆ ಹೇಳಿದ್ದು ತಪ್ಪು ಹೆಸರಂತೆ.