ದಿಮ್ಮಿಯ ಮೇಲೆ ನಿಂತ ಜೀಪು

ಹೊಳೆಯ ದಂಡೆಯ ಆ ಮಠಕ್ಕೆ ಒಂದು ಹಳೆಯ ಜೀಪು ಇತ್ತು. ಎದುರಿನ ಬೆಟ್ಟದ ಹಟ್ಟಿಗಳಿಂದ ರೋಗಿಗಳನ್ನು ಇಳಿಸಿ ತರಲು, ಆ ಕಲ್ಲುದಾರಿ ಹತ್ತಬಲ್ಲ ಗಾಡಿ ಅದೊಂದೇ.

ಅದರ ಎಂಜಿನ್‌ಗೆ ಮುಪ್ಪು ಬಂದು ಏರಿನಲ್ಲಿ ಏದುಸಿರು ಬಿಡತೊಡಗಿದಾಗ, ಶಿಷ್ಯ ಕೊಟ್ರೇಶ ಅದನ್ನು ಕಿತ್ತು ಬೇರೆ ಎಂಜಿನ್, ಬೇರೆ ಗೇರ್‌ಬಾಕ್ಸ್ ಕೂರಿಸಿದ. ಮಠಕ್ಕೆ ಬರುವ ಮೊದಲು ಅವನು ಹೆಸರುವಾಸಿ ಮೆಕ್ಯಾನಿಕ್. ಲೋಕವನ್ನು ಬಿಟ್ಟು ಬಂದಿದ್ದ. ಕೈಯ ಹಮ್ಮನ್ನು ಬಿಟ್ಟು ಬಂದಿರಲಿಲ್ಲ.

ಮೊದಲ ಸಲವೇ, ಆರು ಜನರನ್ನು ಹೊತ್ತು ಇಳಿಯುವಾಗ, ಮೂರನೆಯ ತಿರುವಿನ ಗುಂಡಿಯಲ್ಲಿ ಗೇರ್‌ಬಾಕ್ಸ್ ಒಡೆದು ಜೀಪು ನಿಂತಿತು. ಒಳಗೆ ಹೆರಿಗೆ ನೋವಿನಲ್ಲಿ ಗಂಗವ್ವ ಇದ್ದಳು. ಕಂಬಳಿಯ ಜೋಲಿ ಕಟ್ಟಿ ಹೊತ್ತು ಓಡಿದರು. ಹೊಳೆ ಕಾಣುವ ಮುಂಚೆಯೇ ತಾಯಿಯೂ ಹೋದಳು, ಕೂಸೂ ಹೋಯಿತು.

ಕೆಟ್ಟ ಜೀಪನ್ನು ಕೊಟ್ರೇಶ ಮಠದ ಅಂಗಳಕ್ಕೆ ಎಳೆಸಿ ತಂದ. ಮತ್ತೆ ಜಾಕ್‌ನಿಂದ ಎತ್ತಿ, ಅಡಿಯ ಕಬ್ಬಿಣದ ಚೌಕಟ್ಟಿನ ಕೆಳಗೆ ನಾಲ್ಕು ಮರದ ದಿಮ್ಮಿ ಕೊಟ್ಟು, ಗಾಲಿಗಳು ನೆಲ ಬಿಟ್ಟು ಜೋಲುವಂತೆ ನಿಲ್ಲಿಸಿದ. ಅದೇ ಜಾತಿಯ ಮತ್ತೊಂದು ಗೇರ್‌ಬಾಕ್ಸ್ ತಂದು ಒಳಗಿಟ್ಟ. ಅಳೆದ, ನೋಟುಪುಸ್ತಕದಲ್ಲಿ ಬರೆದ, ಅಳಿಸಿದ. ಹಾಗೆಯೇ ಮೂರು ತಿಂಗಳು ಕಳೆದವು. ಬೆಟ್ಟದವರು ರೋಗಿಗಳನ್ನು ಕಂಬಳಿಯಲ್ಲೇ ಹೊತ್ತು ತರುತ್ತಿದ್ದರು.

ಒಂದು ಬೆಳಿಗ್ಗೆ ಅವನ ಗುರುಗಳಾದ ಮಠದ ಅಜ್ಜಾರು ಬಂದು, ಹಿಂದಿನ ಗಾಲಿಯನ್ನು ಬೆರಳಿನಿಂದ ತಿರುಗಿಸಿದರು.

“ಚಂದ ತಿರುಗತೈತಿ. ಎಲ್ಲಿಗೆ ಹೊಂಟೈತಿ?”

“ಎಲ್ಲಿಗೂ ಇಲ್ಲ, ಅಜ್ಜಾರೆ.”

“ಪುಸ್ತಕದಾಗ ಎಷ್ಟು ಮೈಲಿ ಓಡಿತು?”

ಕೊಟ್ರೇಶ ಕೈಯಲ್ಲಿದ್ದ ನೋಟುಪುಸ್ತಕ ಮುಚ್ಚಿದ.

“ಹೋದ ಸಲದ ತಪ್ಪು ಸಿಗವಲ್ದು. ಹೊಸ ಗೇರ್‌ಬಾಕ್ಸ್ ಹಳೇದಕ್ಕಿಂತ ಉದ್ದ. ಅದಕ್ಕ ಗೇರ್‌ಬಾಕ್ಸಿನಿಂದ ಹಿಂದಿನ ಗಾಲಿ ತಿರುಗಿಸೋ ಕಬ್ಬಿಣದ ಶಾಫ್ಟ್ ಕತ್ತರಿಸಿ ಗಿಡ್ಡ ಮಾಡಿದ್ದೆ. ಕೂದಲೆಳೆ ತಪ್ಪದಂಗ ಅಳದಿದ್ದೆ. ಈಗ ನೂರು ಸಲ ಅಳದೀನಿ, ಅದೇ ಅಳತಿ ಬರತೈತಿ. ತಪ್ಪು ನನ್ನ ಹಣೆಬರದಾಗೈತಿ, ಅಜ್ಜಾರೆ. ಇದನ್ನ ಗುಜರಿಗೆ ಹಾಕಿಬಿಡ್ರಿ. ನನ್ನನ್ನೂ ಹಾಕಿಬಿಡ್ರಿ.”

“ಗುಜರಿಯವ ನಿನ್ನನ್ನ ತಗೊಳ್ಳಂಗಿಲ್ಲ. ಕಬ್ಬಿಣ ಕಮ್ಮಿ.”

ಕೊಟ್ರೇಶ ಮತ್ತೆ ಅಳತೆಯ ಟೇಪು ಕೈಗೆತ್ತಿಕೊಂಡ.

ಅಜ್ಜಾರು ಬೆಟ್ಟಕ್ಕೆ ಹೇಳಿ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಗಂಗವ್ವನ ಗಂಡ ದುರುಗಪ್ಪ ಇಳಿದು ಬಂದ. ಅವನನ್ನು ದೂರದಲ್ಲಿ ಕಂಡದ್ದೇ ಕೊಟ್ರೇಶ ಜೀಪಿನ ಅಡಿಗೆ ತೂರಿಕೊಂಡ. ಮೂರು ತಿಂಗಳಿಂದ ಅವನು ತಪ್ಪಿಸಿಕೊಂಡು ತಿರುಗುತ್ತಿದ್ದುದು ಆ ಒಂದು ಮುಖದಿಂದ.

“ಹೊರಗ ಬಾ,” ಎಂದ ದುರುಗಪ್ಪ. “ಹೊಡಿಯಾಕ ಬಂದಿಲ್ಲ. ಕ್ಷಮಾ ಮಾಡಾಕೂ ಬಂದಿಲ್ಲ. ಅಜ್ಜಾರು ಕರದ್ರು, ಬಂದೆ.”

ಕೊಟ್ರೇಶ ಹೊರಗೆ ಬಂದು ತಲೆ ತಗ್ಗಿಸಿ ನಿಂತ.

ಅಜ್ಜಾರು ಕೇಳಿದರು: “ದುರುಗಪ್ಪ, ತೊಟ್ಟಿಲು ಕಟ್ಟಿದ್ಯಾ?”

ಕೊಟ್ರೇಶ ಥಟ್ಟನೆ ತಲೆಯೆತ್ತಿದ. ಕೂಸು ಕಳಕೊಂಡವನನ್ನು ಕೇಳುವ ಪ್ರಶ್ನೆಯೇ ಇದು?

“ಕಟ್ಟಿದ್ದೆ.”

“ಕಟ್ಟಿ ಏನು ಮಾಡಿದಿ?”

“ಎಲ್ಲರೂ ಮಾಡೋದೇ. ಹಗ್ಗ ತಡಿತೈತೋ ಇಲ್ಲೋ ಅಂತ, ಕೂಸಿಗಿಂತ ಮೊದಲು ಗುಂಡುಕಲ್ಲು ಹಾಕಿ ತೂಗಿದೆ. ಹಗ್ಗ ಒಂದು ಗೇಣು ಜಗ್ಗಿತು. ಬಿಚ್ಚಿ ಮತ್ತ ಕಟ್ಟಿದೆ.” ದುರುಗಪ್ಪ ಹೊಳೆಯ ಕಡೆ ನೋಡಿದ. “ಕಲ್ಲು ಇನ್ನೂ ಅದರಾಗ ಐತಿ.”



ಅಜ್ಜಾರು ಶಿಷ್ಯನ ಕಡೆ ತಿರುಗಿದರು. “ಹೋದ ಸಲ ಅಳತಿ ತಗೊಂಡಾಗ ಗಾಡಿ ಎಲ್ಲಿತ್ತು?”

“ಹಿಂಗ, ದಿಮ್ಮಿ ಮ್ಯಾಲೆ.”

“ಒಳಗ ಯಾರಿದ್ರು?”

“ಯಾರೂ…”

ಕೊಟ್ರೇಶ ಜೋಲುತ್ತಿದ್ದ ಗಾಲಿಗಳನ್ನು ನೋಡಿದ. ಗಾಡಿ ನೆಲಕ್ಕಿಳಿದು ಆರು ಜನ ಕೂತರೆ ಸ್ಪ್ರಿಂಗ್ ಕುಸಿಯುತ್ತದೆ. ಗಾಲಿಗೂ ಗೇರ್‌ಬಾಕ್ಸಿಗೂ ನಡುವಿನ ಅಂತರ ಕುಗ್ಗುತ್ತದೆ. ಸರಿಯಲು ಎಡೆಯಿಲ್ಲದ ಶಾಫ್ಟು ಗುಂಡಿಗೆ ಬಿದ್ದಾಗ ಗೇರ್‌ಬಾಕ್ಸನ್ನೇ ಗುದ್ದುತ್ತದೆ. ಗ್ಯಾರೇಜಿಗೆ ನಿನ್ನೆ ಸೇರಿದವನಿಗೂ ಗೊತ್ತಿರುವ ಪಾಠ.

ಅವನು ಹಿಂದಿನ ಗಾಲಿಯನ್ನು ಎರಡೂ ಕೈಯಲ್ಲಿ ಹಿಡಿದ.

“ಹಣೆಬರ ಅಲ್ಲ,” ಎಂದ. “ನಾನು. ನಾನೇ ಕೊಂದೆ.”

“ಹೌದು,” ಎಂದ ದುರುಗಪ್ಪ.

ಅಜ್ಜಾರು ಅದನ್ನು ತಿದ್ದಲಿಲ್ಲ. “ದಿಮ್ಮಿ ತಗಿ,” ಎಂದರು.

ಕೊಟ್ರೇಶ ಜಾಕ್ ಕೊಟ್ಟು ಒಂದೊಂದಾಗಿ ದಿಮ್ಮಿ ತೆಗೆದ. ಜೀಪು ಮೂರು ತಿಂಗಳ ಮೇಲೆ ನೆಲ ಮುಟ್ಟಿತು. ಅಜ್ಜಾರು ಮುಂದಿನ ಸೀಟಿಗೆ ಹತ್ತಿ ಕೂತರು. ಅಂಗಳದಲ್ಲಿದ್ದ ನಾಲ್ಕು ಮಂದಿಯನ್ನು ಕರೆದು ಹಿಂದೆ ಹತ್ತಿಸಿದರು.

ದುರುಗಪ್ಪ ಬಹಳ ಹೊತ್ತು ನಿಂತೇ ಇದ್ದ. ಆಮೇಲೆ ತಾನೂ ಹತ್ತಿ, ಗಂಗವ್ವ ಮಲಗಿದ್ದ ಜಾಗದಲ್ಲಿ ಕೂತ. ಸ್ಪ್ರಿಂಗ್ ಕಿರುಗುಟ್ಟಿ ನಾಲ್ಕು ಬೆರಳು ಇಳಿಯಿತು.

ಕೊಟ್ರೇಶ ಟೇಪು ಹಿಡಿದು ಅಡಿಗೆ ಮಲಗಿದ. ಟೇಪಿನ ತುದಿ ಶಾಫ್ಟಿನ ಬಾಯಿಗೆ ತಾಗಿ ಟಕಟಕ ಸದ್ದು ಮಾಡುತ್ತಿತ್ತು.

“ಕೈ ನಡಗತೈತಿ, ಅಜ್ಜಾರೆ.”

“ನಡಗಲಿ. ಅಳತಿ ತಗೋ.”